ಅರ್ಜೆಂಟ್ ಲಾಟು

ಕೋಟೆ ಬಾಗಿಲಲ್ಲಿ ನಿಂತ ಕಾವಲುಗಾರ
ಮೂರು ವರ್ಷದಿಂದ ಒಂದೇ ಮಾತು ಆಡುತ್ತಿದ್ದಾನೆ:
"ಓಡು, ಬೆಳಗಾಗುವುದರೊಳಗೆ ಲೋಕ ಮುಗಿಯುತ್ತದೆ."
ಅವನ ನೆತ್ತಿಯ ಮೇಲೆ ಕೆಂಪು ಚಂದ್ರ,
ಒಂದು ಗೇಣೂ ಜರುಗಿಲ್ಲ.

ಆಗಲಿ ಅಂದು ನಾನು ಹಿಂದಕ್ಕೆ ತಿರುಗಿ
ಕೆರೆಯಲ್ಲಿ ಮೀನು ಹಿಡಿಯುತ್ತೇನೆ.
ಗಾಣದ ಮುದುಕಿಯ ತಾಮ್ರದ ಚೊಂಬು ಇನ್ನೂ ಸಿಕ್ಕಿಲ್ಲ.
ಉತ್ತರದ ಗುಡ್ಡದ ಹಿಂದೆ ಏನಿದೆಯೋ, ನೋಡಿಲ್ಲ.
ಕತ್ತೆಯೊಂದಕ್ಕೆ ಹೆಸರಿಟ್ಟಿದ್ದೇನೆ, ಪಾಪಯ್ಯ ಅಂತ,
ನಮ್ಮ ಮೇಸ್ತ್ರಿಯ ಹೆಸರು.

ಮೇಸ್ತ್ರಿ ಪಾಪಯ್ಯನದೂ ಒಂದೇ ಮಾತು: ಅರ್ಜೆಂಟ್.
ಬಳ್ಳಾರಿ ಕೌಲ್‌ಬಜಾರಿನ ಗಲ್ಲಿ, ತಗಡಿನ ಮಾಡು,
ಹನ್ನೆರಡು ಮಿಷಿನ್, ಮೂಗಿನೊಳಗೆ ನೀಲಿ ಧೂಳು.
ನನ್ನದು ಜಿಪ್ಪು. ಬೇರೆಯವರದು ಜೇಬು, ಸೊಂಟಪಟ್ಟಿ.
ಇಡೀ ಜೀನ್ಸು ಹೊಲಿದವರು ನಮ್ಮಲ್ಲಿ ಯಾರೂ ಇಲ್ಲ.
ಶುಕ್ರವಾರ ಲಾರಿ ಬರುತ್ತದೆ, ಬಂದೇ ಬರುತ್ತದೆ,
ತಡವಾದರೆ ಪೀಸಿಗೆ ಎರಡು ರೂಪಾಯಿ ಕಟ್.
ಇಲ್ಲಿ ಚಂದ್ರ ಜರುಗುತ್ತಾನೆ.

ರಾತ್ರಿ ಒಂಬತ್ತೂವರೆಗೆ ಮೌಲಾಹುಸೇನನ ಅಂಗಡಿ.
ಐದು ಕಂಪ್ಯೂಟರು, ತಾಸಿಗೆ ಇಪ್ಪತ್ತು,
ಎದುರು ಬಂಡಿಯಿಂದ ಮಿರ್ಚಿ ಕರಿದ ಹೊಗೆ.
ಪಕ್ಕದ ಕುರ್ಚಿಯ ಗಾದಿಲಿಂಗ, ಐಟಿಐ ಹುಡುಗ,
ಇದೇ ಆಟವನ್ನು ಹನ್ನೊಂದು ದಿನಕ್ಕೆ ಮುಗಿಸಿದವನು.
"ಅಣ್ಣಾ, ಅಲ್ಲಿ ರಾಣಿ ಸಾಯಾಕತ್ತಾಳ, ನೀ ಮೀನು ಹಿಡೀತೀ.
ನಿನಗ ಕಳ್ಳು ಐತೋ ಇಲ್ಲೋ?"
ಐತಪ್ಪ. ಆದರೆ ಅವಳು ಸಾಯುವುದಿಲ್ಲವೆಂದು ನನಗೆ ಗೊತ್ತು.
ನಾನು ಬಾಗಿಲು ದಾಟುವ ತನಕ
ಅರ್ಧ ಉಸಿರು ಹಿಡಿದೇ ಇರುತ್ತಾಳೆ.
ನನಗಾಗಿ ಇಷ್ಟು ಕಾದವರು ಬೇರೆ ಯಾರೂ ಇಲ್ಲ.
ಗುಂತಕಲ್ ಪ್ಯಾಸೆಂಜರು ಒಂದು ನಿಮಿಷ ಕಾದಿದ್ದರೆ ಸಾಕಿತ್ತು
ಅದೊಂದು ದಿನ. ಅದು ಬೇರೆ ಕತೆ.

ಕತೆ ಕಟ್ಟಿದವನ ಮೇಲೆ ಸಿಟ್ಟೂ ಬರುತ್ತದೆ.
ಅಷ್ಟು ದೊಡ್ಡ ನಾಡು ಮಾಡಿ, ಬಂಡೆ ಬಂಡೆಯ ಹಿಂದೆ
ಒಂದು ಹೂಜಿ, ಒಂದು ಹಕ್ಕಿಗೂಡು ಇಟ್ಟು
ಕಡೆಗೆ ಓಡು ಅಂತಾನೆ,
ಎಲೆ ತುಂಬ ಹೋಳಿಗೆ ಬಡಿಸಿ
ಬಸ್ಸು ಬಂತು ಏಳು ಅಂದ ಹಾಗೆ.

ಮೊನ್ನೆ ಮೌಲಾಹುಸೇನ್ ಗಲ್ಲಾದಿಂದ ತಲೆ ಎತ್ತದೆ ಹೇಳಿದ:
"ಆಯ್ತವಾರದಿಂದ ಬಂದ್. ಮೊಬೈಲ್ ಕವರಿನ ಅಂಗಡಿ ಹಾಕ್ತೀನಿ.
ಇವೆಲ್ಲ ಗುಜರಿಗೆ. ನಿಮ್ಮ ನಿಮ್ಮದು ಮುಗಿಸಿಕೊಳ್ರಿ."

ಮೊದಲ ಸಲ, ಅಲ್ಲಿ ಬೆಳಗಾಗುವುದು ಖರೆ ಅನಿಸಿತು.

ಶನಿವಾರ ರಾತ್ರಿ. ಕತ್ತಿ ಇದೆ, ಮದ್ದು ಇದೆ, ಎಪ್ಪತ್ತು ಬಾಣ.
ಬಾಗಿಲ ತನಕ ಹೋದೆ, ಆಟ ಉಳಿಸಿಟ್ಟೆ.
ಕಾವಲುಗಾರ "ಓಡು" ಅಂದ.
ಅಂದು ಅವನ ದನಿ ಕಿವಿಗೊಟ್ಟು ಕೇಳಿದೆ,
ಪಾಪಯ್ಯನ ಹಾಗೇ ಅವನೂ
ಯಾರದೋ ಲಾರಿಗೆ ಹೆದರಿದವನು.
ಕತ್ತೆ ತಿರುಗಿಸಿದೆ.

ಉತ್ತರದ ಗುಡ್ಡದ ಹಿಂದೆ ಏನೂ ಇರಲಿಲ್ಲ.
ಹುಲ್ಲು. ಮಾಡಿದವರು ಮರೆತುಬಿಟ್ಟ ಒಂದು ಕಲ್ಲುಬೆಂಚು.
ಕೂತೆ.
ಗಾದಿಲಿಂಗ ಕುರ್ಚಿ ಹತ್ತಿರ ಎಳೆದುಕೊಂಡ, ಬೈಯಲಿಲ್ಲ.
"ಇದನ್ನ ನಾ ನೋಡೇ ಇಲ್ಲ" ಅಂದ.
ಹತ್ತೂ ಐವತ್ತಕ್ಕೆ ಕರೆಂಟು ಹೋಯಿತು.

ಚೊಂಬು ಸಿಗಲಿಲ್ಲ.

ಮರುದಿನ ಮೌಲಾಹುಸೇನ್ ಇಳಿಸಿಕೊಟ್ಟ ಪೆನ್‌ಡ್ರೈವು
ಈಗ ನನ್ನ ಕೀಲಿ ಗೊಂಚಲಲ್ಲಿದೆ.
ಅದರೊಳಗೆ ನಾನಿನ್ನೂ ಬಾಗಿಲ ಮುಂದೆಯೇ ನಿಂತಿದ್ದೇನೆ,
ಬೆಂಚಿನ ಸಂಗತಿ ಅದಕ್ಕೆ ಗೊತ್ತಿಲ್ಲ.
ಅರ್ಜೆಂಟ್, ಅನ್ನುತ್ತಾನೆ ಪಾಪಯ್ಯ.
ಜಿಪ್ಪು ಎಳೆದು ನೋಡುತ್ತೇನೆ, ಮೇಲಕ್ಕೆ, ಕೆಳಕ್ಕೆ,
ಇನ್ನೊಂದು ಸಲ, ಸುಮ್ಮನೆ.