ಎಷ್ಟನೇ ಮಟ್ಟದ ಆನೆ

ಗೋಣಿಕೊಪ್ಪದಲ್ಲಿ ಹಂಸಾಕನ ಮೆಣಸಿನ ಮಂಡಿಯ ಮೇಲೆ
ನನ್ನ ಸೈಬರ್ ಇತ್ತು. ಮೂರು ಕಂಪ್ಯೂಟರು, ಒಂದೇ ಫೋನ್ ಲೈನು,
ಗಂಟೆಗೆ ಅರವತ್ತು ರೂಪಾಯಿ. ತೊಂಬತ್ತೆಂಟನೇ ಇಸವಿ.
ಮೋಡೆಮ್ಮು ಕಿರುಚಿದರೆ ಕೆಳಗೆ ತಕ್ಕಡಿ ಹಿಡಿದವರು
ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿತೇನೋ ಎಂದು ತಲೆಯೆತ್ತುತ್ತಿದ್ದರು.

ಸುಬೇದಾರ್ ಮೇದಪ್ಪ, ಸಿಗ್ನಲ್ಸ್‌ನಲ್ಲಿ ಇಪ್ಪತ್ತಾರು ವರ್ಷ,
ಕೊಡೆ ಮಡಚಿ ಕೂತು ಕೇಳಿದ್ದು ಒಂದೇ:
ಚಿತ್ರ ಇಲ್ಲದ್ದು ಏನಾದರೂ ಇದೆಯಾ?

ಇತ್ತು. ಕಪ್ಪು ತೆರೆ, ಹಸಿರು ಅಕ್ಷರ.
ನೀನೊಂದು ಗವಿಯಲ್ಲಿದ್ದೀಯ. ಗೋಡೆ ಒದ್ದೆ.
ದಾರಿಗಳು: ಬಡಗು, ಮೂಡು, ಕೆಳಗೆ.
ಇಲ್ಲೊಂದು ತುಕ್ಕು ಕತ್ತಿ ಬಿದ್ದಿದೆ.
ಅಷ್ಟೇ. ಉಳಿದದ್ದನ್ನು ಕಣ್ಣು ಮುಚ್ಚಿಯೇ ನೋಡಬೇಕು.

ಕೇಳಿದ್ದಷ್ಟು ಹೇಳಿದೆ. ಇಪ್ಪತ್ತು ವರ್ಷದ ಹಿಂದೆ
ಇಂಗ್ಲೆಂಡಿನ ಯಾವುದೋ ವಿಶ್ವವಿದ್ಯಾಲಯದ ಹುಡುಗರು
ಮೇಷ್ಟರುಗಳ ಲೆಕ್ಕ ಮುಗಿದು ಯಂತ್ರ ಬಿಡುವಾದ ಮೇಲೆ
ರಾತ್ರಿಯೆಲ್ಲ ಆಡಿದ ಲೋಕವಂತೆ ಇದರ ಮುತ್ತಜ್ಜ.
ಒಬ್ಬರ ಮುಖ ಒಬ್ಬರು ಕಾಣದೆ, ಬೇರೆ ಬೇರೆ ಊರಲ್ಲಿ ಕೂತು,
ಒಂದೇ ಗವಿಯಲ್ಲಿ ಡಿಕ್ಕಿ ಹೊಡೆದವರು.
ಅದನ್ನು ನೋಡಿ ಇನ್ನೊಬ್ಬ, ಅವನಿಂದ ಮತ್ತೊಬ್ಬ,
ಕೆಸುವಿನ ಗೆಡ್ಡೆ ಹಬ್ಬಿದ ಹಾಗೆ ಹಬ್ಬಿತು.
"ರಾತ್ರಿ ಪಾಳಿಯಲ್ಲಿ ಏನೇನು ಹುಟ್ಟುತ್ತದೆ ಅಂತ
ಸಿಗ್ನಲ್ಸ್‌ನವನಿಗೆ ಹೇಳಬೇಡ ಕುಂಞಿ" ಅಂದರು.

ಕಾಫಿ ಕ್ಯೂರಿಂಗಿನ ಹಳೇ ಲೆಕ್ಕದ ಪುಸ್ತಕದ ಬೆನ್ನಿಗೆ ನಕ್ಷೆ ಬರೆದರು.
ದೈತ್ಯರ ಕೋಣೆಗೆ ಅಮ್ಮತ್ತಿ ಎಂದು ಹೆಸರು,
ವಿಷದ ಬಾವಿಗೆ ಕುಟ್ಟ ಚೆಕ್‌ಪೋಸ್ಟ್.
ಯಾಕೆಂದು ಕೇಳಲಿಲ್ಲ. ಏನೋ ಹಳೇ ಬಾಕಿ ಇರಬೇಕು.

ಕಕ್ಕಡದ ಒಂದು ರಾತ್ರಿ, ಎಲುಬಿನ ಸೈನಿಕರು ಮುತ್ತಿರುವಾಗ,
ಲೈನು ಸತ್ತಿತು.
ತಿತಿಮತಿಯ ಹತ್ತಿರ ಆನೆಯೊಂದು ಕಂಬಕ್ಕೆ ಬೆನ್ನುಜ್ಜಿತ್ತು.
ಬೆನ್ನಿನ ತುರಿಕೆ ಹೋಯಿತು, ಕಂಬವೂ ಹೋಯಿತು. ನಾಲ್ಕು ದಿನ.

ಆ ಲೋಕದಲ್ಲಿ ತಂತಿ ಕಡಿದರೂ ಮೈ ಅಲ್ಲೇ ನಿಂತಿರುತ್ತದೆ,
ಯಾರು ಬೇಕಾದರೂ ಕಡಿಯಬಹುದು.
ಐದನೇ ದಿನ ಹೋಗಿ ನೋಡಿದರೆ ಸುಬೇದಾರರ ಮೈ ಹಾಗೇ ಇದೆ,
ಪಕ್ಕದಲ್ಲಿ ಹಾಲ್ವರ್ ಎಂಬೊಬ್ಬ ಕಾವಲಿದ್ದಾನೆ.
ಎಲ್ಲಿಯವನೋ. ಎಲ್ಲಿ ಹೋಗಿದ್ದೆ ಎಂದ.
ಆನೆ ಕಂಬ ಬೀಳಿಸಿತು ಎಂದರು ಇವರು.
"ಹ್ಹ ಹ್ಹ. ಎಷ್ಟನೇ ಮಟ್ಟದ ಆನೆ?"

ಸುಬೇದಾರರು ನಗಲಿಲ್ಲ. ವರದಿ ಕೊಟ್ಟರು:
ಗಂಡು. ಒಂಟಿ ದಂತ. ಕಂಬ ಸಂಖ್ಯೆ ಇನ್ನೂರ ಹದಿನಾಲ್ಕು.
ರಾತ್ರಿ ಎರಡು ಹತ್ತು.

ತಿಂಗಳೊಪ್ಪತ್ತಿನಲ್ಲಿ ಗವಿಯ ಪಡುವಲಿಗೆ ಹೊಸ ದಾರಿ ತೆರೆದಿತ್ತು.
ಇಲ್ಲೊಂದು ಓರೆ ಕಂಬ.
ಒಂಟಿ ದಂತದ ಆನೆ ಬೆನ್ನುಜ್ಜುತ್ತಿದೆ.
ತಂತಿ ಗುಂಯ್‌ಗುಡುತ್ತಿದೆ.
ಹಾಲ್ವರ್ ಕಟ್ಟಿದ್ದ. ಕೊಂದವರಿಗೆ ಮುನ್ನೂರು ಅಂಕ.

ಪೋಲೆಂಡಿನಿಂದ ಬಂದರು, ಚಿಲಿಯಿಂದ ಬಂದರು, ಕತ್ತಿ ಹಿರಿದು.
ಆನೆ ಸಾಯುತ್ತಿತ್ತು. ಅರ್ಧ ಗಂಟೆಗೆ ಮತ್ತೆ ಹುಟ್ಟಿ
ಮತ್ತೆ ಬೆನ್ನುಜ್ಜುತ್ತಿತ್ತು.
ಸುಬೇದಾರರು ದಿನಾ ಏಳಕ್ಕೆ ಬಂದು ನೇರ ಅಲ್ಲಿಗೇ ನಡೆದು
ಆನೆಯ ಮುಂದೆ ನಿಲ್ಲುತ್ತಿದ್ದರು.
ಆರು ಸಲ ಸತ್ತರು. ಮಾಂತ್ರಿಕನಾಗಲು ಕೂಡಿಟ್ಟ ಅಂಕವೆಲ್ಲ ಹೋಯಿತು.
ಬರೀ ಮೂರು ಸಾಲು ಅಕ್ಷರ ಸಾರ್ ಅದು, ಅಂದೆ.
"ನನಗೆ ಬರುತ್ತಿದ್ದ ಆರ್ಡರೂ ಅಷ್ಟೇ ಉದ್ದ ಇರುತ್ತಿತ್ತು."

ಎರಡು ಸಾವಿರದ ಮೂರು. ಪಕ್ಕದ ಎರಡು ಸೀಟಿನಲ್ಲಿ
ಕಾಲೇಜು ಹುಡುಗರು ಬಣ್ಣದ ರಕ್ತ ಹರಿಸುತ್ತಿದ್ದರು.
ಇವರ ತೆರೆಯಲ್ಲಿ ಒಂದೇ ಸಾಲು: ಸಂಪರ್ಕ ನಿರಾಕರಿಸಲಾಗಿದೆ.
ಮೂರು ಸಲ ಒತ್ತಿದರು. ಮುಕ್ಕಾಲು ಗಂಟೆ ಸುಮ್ಮನೆ ಕೂತು
ಪೂರಾ ಗಂಟೆಯ ದುಡ್ಡು ಎಣಿಸಿದರು.

ಮೆಟ್ಟಿಲಲ್ಲಿ ನಿಂತು ಕೇಳಿದರು:
ಅವರು ಯಂತ್ರ ಆರಿಸುವಾಗ ಅದು ಬದುಕಿತ್ತಾ,
ಇಲ್ಲಾ ಆ ಅರ್ಧ ಗಂಟೆಯಲ್ಲಿತ್ತಾ?

ಬದುಕಿತ್ತು, ಅಂದೆ.
ನನಗೇನು ಗೊತ್ತು.
ಅವರು ಕೊಡೆ ಬಿಡಿಸಿದರು.
ನಕ್ಷೆಯ ಪುಸ್ತಕ ನನ್ನ ಮೇಜಿನ ಮೇಲೇ ಉಳಿಯಿತು.