ನಂಬರ್ ಕೂಡದ ವೆಬ್ಲಿ

ಮೊದಲು ಮೂಸಬೇಕು. ಕಣ್ಣು ಆಮೇಲೆ.
ಪೆಟ್ಟಿಗೆಯಲ್ಲಿ ಮಲಗಿದ್ದಕ್ಕೆ ಕರ್ಪೂರದ ವಾಸನೆ,
ಅಟ್ಟದಲ್ಲಿದ್ದದ್ದಕ್ಕೆ ಇಲಿಯದು, ಒಳ್ಳೆಮೆಣಸಿನದು,
ಮೊನ್ನೆ ಮಾರಲೆಂದೇ ಉಜ್ಜಿದ್ದಕ್ಕೆ
ತೆಂಗಿನೆಣ್ಣೆಯ ಸುಳ್ಳು.

ಬೊಳ್ಳವ್ವ ತಂದದ್ದು ಮಾತ್ರ ಏನೂ ನಾರಲಿಲ್ಲ.
ಕೆಂಪು ಚೇಲೆ ಬಿಚ್ಚಿ ಮೇಜಿನ ಮೇಲಿಟ್ಟಳು,
ವಿರಾಜಪೇಟೆ ಗಡಿಯಾರ ಕಂಬದ ಹಿಂದಿನ ನನ್ನ ಅಂಗಡಿಯಲ್ಲಿ
ಕುರ್ಚಿ ತೋರಿಸಿದರೂ ಕೂರಲಿಲ್ಲ.
"ಬೆಲೆ ಹೇಳಿ."

ನಡು ಮುರಿದು ತೆರೆದೆ.
ಆರು ಮನೆಯೂ ಖಾಲಿ. ಮತ್ತೊಮ್ಮೆ ಎಣಿಸಿದೆ.
ನಳಿಗೆಯ ಬುಡಕ್ಕೆ ಹೆಬ್ಬೆರಳ ಉಗುರು ಕೊಟ್ಟು
ಕಿಟಕಿಯ ಕಡೆ ಹಿಡಿದರೆ
ಉಗುರು ಬೆಳಕನ್ನು ಒಳಗೆ ಎತ್ತಿ ಹಾಕುತ್ತದೆ:
ಏಳು ಗೀರು, ಏಳೂ ಬಲಕ್ಕೆ ತಿರುಗುತ್ತ, ತೊಳೆದಿಟ್ಟ ಹಾಗೆ.
ತುಕ್ಕು ಕಚ್ಚಿದ್ದು ಒಂದು ಕಡೆ, ಸಾಸಿವೆಯಷ್ಟು.
ಎರಡು ಸಾವಿರ ಇಳಿಸು.
ಹಿಡಿಯಲ್ಲಿ ಬಿರುಕು, ಇನ್ನೂ ಇಳಿಸು.
ನೀಲಿ ಮಾತ್ರ ಹುಟ್ಟಿನದು, ಬೆರಳು ಕೂತಲ್ಲಷ್ಟೇ ಬಿಳಿಚಿದ್ದು.
ಏರಿಸು, ಇಳಿಸಿದ್ದೆಲ್ಲ ಏರಿಸು.
ಹೊಸ ಬಣ್ಣ ಬಳಿದು ತಂದಿದ್ದರೆ ಎದ್ದು ಹೋಗಿ ಎನ್ನುತ್ತಿದ್ದೆ;
ಮುದುಕನ ಮೀಸೆಗೆ ಕಪ್ಪು ಹಚ್ಚಿದರೆ ಹೆಣ್ಣು ಕೊಡುತ್ತಾರೆಯೇ?

ಕುದುರೆ ಎಳೆದೆ.
ಗಾಲಿ ತಿರುಗಿತು, ನಿಂತಿತು,
ಒಂದು ಕೂದಲಿನಷ್ಟು ತಡವಾಗಿ.

ಕನ್ನಡಕ ಬದಲಿಸಿ ನಂಬರ್ ಓದಿದೆ.
ಮೈಮೇಲೆ ಕೊನೆಗೆ ಮೂವತ್ತೊಂದು.
ಗಾಲಿಯ ಮೇಲೆ ನಲವತ್ತೆಂಟು.
"ಅರ್ಧ ಬೆಲೆ" ಅಂದೆ.

ಹೇಳಬಾರದಿತ್ತೇನೋ, ಪುಸ್ತಕ ತೆಗೆದು ತೋರಿಸಿದೆ.
ಹನ್ನೊಂದು ವರ್ಷದ ಹಿಂದೆ ನಾಪೋಕ್ಲಿನ ಚಿಟ್ಟಿಯಪ್ಪ
ಮೈ ನಲವತ್ತೆಂಟು, ಗಾಲಿ ಮೂವತ್ತೊಂದು ತಂದು
ಇದೇ ಅರ್ಧ ಬೆಲೆ ಕೇಳಿ
ನನ್ನನ್ನೇ ಕಳ್ಳನೆಂದು ಬೈದು ಒಯ್ದಿದ್ದ.

"ನನ್ನ ಮೈದುನ" ಅಂದಳು. ಆಗ ಕೂತಳು.

"ದೊರೆ ಊರು ಬಿಟ್ಟ ಮೇಲೆ ಬಂಗಲೆ ಸಾಮಾನು ಹರಾಜಾಯಿತು ನೋಡಿ,
ಅಪ್ಪ ಜೋಡಿಯಾಗಿ ಹಿಡಿದದ್ದು. ಮಗನಿಗೊಂದು, ಮಗನಿಗೊಂದು.
ಕೈಲ್‌ಪೊಳ್ದ್‌ನ ಹಿಂದಿನ ರಾತ್ರಿ
ಅಣ್ಣ ತಮ್ಮ ಒಂದೇ ಚಾಪೆಯಲ್ಲಿ ಬಿಚ್ಚಿ ಒರೆಸುತ್ತಿದ್ದರು.
ಕರೆಂಟು ಹೋಯಿತು. ನಾನೇ ಚಿಮಣಿ ಹಿಡಿದದ್ದು.
ನಗುತ್ತಾ ಕೂಡಿಸಿದರು, ಏನು ಮಾತಿಗೋ ಮರೆತಿದೆ.
ಬೆಳಿಗ್ಗೆ ಎರಡಕ್ಕೂ ತೋಕ್‌ಪೂ ಇಟ್ಟೆವು.
ಮರುವರ್ಷ ಹೂ ಅರಳುವ ಮೊದಲೇ
ಸರ್ವೆಯವನು ಸರಪಳಿ ಎಳೆದಾಗಿತ್ತು."

ಒಂದೇ ಸ್ಕ್ರೂ, ನಾನಂದೆ, ಐದು ನಿಮಿಷದ ಕೆಲಸ.
ಎರಡೂ ಈ ಮೇಜಿಗೆ ಬಂದರೆ ಎರಡಕ್ಕೂ ಪೂರಾ ಬೆಲೆ,
ಜೋಡಿಯಾದರೆ ಅದಕ್ಕೂ ಮೇಲೆ.
ಅವರಿಗೊಂದು ಮಾತು ಹೇಳಿ ನೋಡಿ.

"ಇವರು ಸತ್ತಾಗ ಎರಡು ಗುಂಡು ಹಾರಿತು" ಅಂದಳು,
"ನಾಪೋಕ್ಲಿಗೆ ಕೇಳದಷ್ಟು ದೂರವೇನಲ್ಲ ನಮ್ಮ ಮನೆ.
ಅರ್ಧವೇ ಕೊಡಿ."

ಪತ್ರಕ್ಕೆ ಸಹಿ ಹಾಕಿದಳು. ನೋಟು ಎಣಿಸಿದಳು,
ಒಂದು ಹರಿದದ್ದಿತ್ತು, ಬದಲಿಸಿ ಕೊಟ್ಟೆ.
ಚೇಲೆ ಮಾತ್ರ ನಾಲ್ಕು ಮಡಿಕೆ ಮಾಡಿ
ಚೀಲಕ್ಕೆ ಹಾಕಿಕೊಂಡಳು. ಅದು ಮಾರಲು ತಂದದ್ದಲ್ಲ.

ಸಂಜೆ ಬಾಗಿಲು ಎಳೆಯುವ ಮೊದಲು
ಇನ್ನೊಮ್ಮೆ ಕುದುರೆ ಎಳೆದೆ.
ಅದೇ ತಡ. ಕಿವಿಗೆ ಮಾತ್ರ ತಿಳಿಯುವಷ್ಟು.
ಇಷ್ಟು ವರ್ಷ ಬೇರೆಯ ಮೈಯಲ್ಲಿದ್ದೂ
ಒಗ್ಗಿಲ್ಲ.

ವ್ಯಾಪಾರದ ಬುದ್ಧಿಯೋ, ಮತ್ತೇನೋ, ನನಗೇ ಗೊತ್ತಿಲ್ಲ.
ಪುಸ್ತಕದಲ್ಲಿದ್ದ ನಾಪೋಕ್ಲಿನ ಫೋನಿಗೆ ಮಾಡಿದೆ.
ಬಹಳ ಹೊತ್ತಿನ ಮೇಲೆ ಎತ್ತಿದ. ಮುದುಕನ ಉಸಿರು.
"ಯಾರು?"

ನನ್ನ ಹೆಸರು ಹೇಳಲಿಲ್ಲ. ಬೊಳ್ಳವ್ವನದೂ ಹೇಳಲಿಲ್ಲ.
"ನಲವತ್ತೆಂಟು" ಅಂದೆ.

ಆ ಕಡೆ ಯಾರೋ
ರೇಡಿಯೋ ಸಣ್ಣಗೆ ಮಾಡಿದರು.