ವಿಳಾಸಕ್ಕೆ ಬೇಕಾದಷ್ಟು

ಮಾರ್ಬುರ್ಗ್ ಅಂಚೆಯಲ್ಲಿ ಮೂವತ್ತೊಂದು ವರ್ಷ
ಹೆಸರಿದ್ದು ಊರಿಲ್ಲದ, ಊರಿದ್ದು ಬೀದಿಯಿಲ್ಲದ
ಲಕೋಟೆಗಳನ್ನು ಬಿಡಿಸಿ ಮುಟ್ಟಿಸಿದವಳು ನಾನು.
ಒಳಗಿನದನ್ನು ವಿಳಾಸಕ್ಕೆ ಬೇಕಾದಷ್ಟೇ ಓದಬೇಕು,
ಒಂದು ಸಾಲೂ ಹೆಚ್ಚಿಗೆ ಕೂಡದು.
ನಮ್ಮ ವಿಭಾಗದ ನಿಯಮ.

ಈಗ, ತೀರಿಹೋದ ಅಣ್ಣ ವೋಲ್ಫ್‌ರಾಮನ ಅಟ್ಟದಲ್ಲಿ,
ಸ್ಕೀ ಬೂಟಿನೊಳಗೆ, ಎಣ್ಣೆ ಕುಡಿದ ಟವೆಲಿನಲ್ಲಿ, ಇದು.
ಅಡುಗೆಮನೆಯ ತಕ್ಕಡಿಯಲ್ಲೇ ಇಟ್ಟು ನೋಡಿದೆ:
ಒಂದು ಕಿಲೋ, ಮೇಲೊಂದು ಕೋಳಿಮೊಟ್ಟೆ.
ಹಿಡಿಯ ಬೆನ್ನಿಗೆ ಅಚ್ಚೊತ್ತಿದ ಗುರುತು:
೧೬. ಎ. ೪. ೨೭.

ಠಾಣೆಯ ಹುಡುಗ, ಕೆನ್ನೆಯಲ್ಲಿನ್ನೂ ಮೊಡವೆ,
ರಸೀತಿ ಬರೆದ. "ಕುಲುಮೆಗೆ ಹೋಗಲು ನಲವತ್ತು ದಿನ, ಫ್ರಾವ್ ಡಿಟ್ಮರ್.
ಅಷ್ಟರಲ್ಲಿ ವಾರಸುದಾರ ಬಂದರೆ ನೋಡೋಣ" ಎಂದು ನಕ್ಕ.
ನಕ್ಕದ್ದು ತಪ್ಪಲ್ಲ.
ಆ ಪದವನ್ನು ನನ್ನೆದುರು ಆಡಿದ್ದು ತಪ್ಪು.

ಗುರುತು ಬಿಡಿಸುವುದೇನೂ ಕಷ್ಟವಾಗಲಿಲ್ಲ.
ಹದಿನಾರನೆಯ ಫಿರಂಗಿ ದಳ, ನಾಲ್ಕನೆಯ ತುಕಡಿ,
ಇಪ್ಪತ್ತೇಳನೆಯ ಆಯುಧ. ಊರು ಕೋನಿಗ್ಸ್‌ಬರ್ಗ್.
ಊರಿದೆ, ಆ ಹೆಸರು ಈಗ ಅದಕ್ಕಿಲ್ಲ.
ಬೀದಿ ಸಿಕ್ಕಿತು, ಬಾಗಿಲು ಸಿಕ್ಕಿತು,
ಬಾಗಿಲ ಮೇಲಿನ ಫಲಕ ಮಾತ್ರ ಯಾರೋ ಕಿತ್ತಿದ್ದಾರೆ.

ದಫ್ತರಖಾನೆಯ ಉತ್ತರ ಎರಡು ಸಾಲು:
ಪ್ರಷ್ಯಾ ಸೇನೆಯ ಪಟ್ಟಿಗಳು ನಲವತ್ತೈದರ ಏಪ್ರಿಲ್‌ನಲ್ಲಿ
ಸುಟ್ಟುಹೋಗಿವೆ. ವಿಷಾದಿಸುತ್ತೇವೆ.
ಬೂದಿಯ ಸುದ್ದಿ ಹೊತ್ತ ಕಾಗದಕ್ಕೆ ಎಂಥ ಬಿಳುಪು!

ಠಾಣೆಯ ಮೇಜಿನ ಮೇಲೆ ಬಂದೂಕು ರಿಪೇರಿಯ ಮುದುಕ ಯೋಸ್ಟ್
ಹಿಡಿಯ ತಿರುಪು ಸಡಿಲಿಸಿದ. ಎರಡು ಹೋಳು ಅಡಿಕೆಯಂತೆ ಬೇರಾದವು.
ಬಲದ ಮರದೊಳಗೆ ಪೆನ್ಸಿಲ್:
ಎ. ಶಮೈಟಾಟ್, ೧೮೯೧.
ಎಡದ್ದರಲ್ಲಿ ಐದು ಗೀರು, ಆರನೆಯದು ಅರ್ಧ.

"ಹಿಗ್ಗಬೇಡಿ" ಎಂದ ಯೋಸ್ಟ್. "ಮಾಲೀಕನೇ ಬರೆದದ್ದೆಂದು ಏನು ಗ್ಯಾರಂಟಿ?
ರಿಪೇರಿಯವನೂ ಹೀಗೆ ಬರೆದಿಡುತ್ತಾನೆ.
ಈ ಜಿಲ್ಲೆಯ ಎಷ್ಟೋ ಬೇಟೆಗಾರರ ಕೈಯೊಳಗೆ
ನನ್ನ ಹೆಸರಿದೆ. ಅವರಿಗೆ ಗೊತ್ತಿಲ್ಲ."
ಹೇಳಿ, ಹೇಳಬಾರದ್ದು ಹೇಳಿದವನಂತೆ ಕೆಮ್ಮಿದ.

ಫೋನ್ ಪುಸ್ತಕದಲ್ಲಿ ಹದಿನಾಲ್ಕು ಶಮೈಟಾಟ್‌ಗಳು.
ಮೂವರು ಬೈದರು. ಒಬ್ಬ ಇನ್ಶೂರೆನ್ಸ್ ಮಾರಲು ನೋಡಿದ.
ಹನ್ನೊಂದನೆಯ ಕರೆ ಲ್ಯೂಬೆಕ್‌ಗೆ.
ಎರ್ಡ್‌ಮೂಟೆ, ಎಂಬತ್ತೊಂಬತ್ತು ವರ್ಷ, ದನಿ ಒಣಬ್ರೆಡ್ಡಿನಂತೆ.

"ಆಗುಸ್ಟ್. ನನ್ನಜ್ಜ. ದಳದಲ್ಲಿ ತುತ್ತೂರಿ ಊದುತ್ತಿದ್ದನಂತೆ.
ಗುಡುಗಿದರೆ ಮೇಜಿನಡಿ ಹೋಗಿ ಕೂರುತ್ತಿದ್ದ,
ನಮ್ಮನ್ನೂ ಎಳೆದುಕೊಂಡು. ನಾವು ಆಟವೆಂದುಕೊಂಡಿದ್ದೆವು."
ಆಮೇಲೆ, ತಡೆದು: "ಅದರಿಂದ ಅವನು ಯಾರನ್ನಾದರೂ..."

ಗಾಯಗೊಂಡ ಕುದುರೆಗಳಿರಬಹುದು. ಸಂಬಳದ ದಿನಗಳಿರಬಹುದು.
ಬೇಸರದ ಮಧ್ಯಾಹ್ನ, ಕೈಯಲ್ಲೊಂದು ಚಾಕು, ಅಷ್ಟೇ ಇರಬಹುದು.
ಇಲ್ಲದೆಯೂ ಇರಬಹುದು.
"ವಿಳಾಸದಲ್ಲಿ ಅದನ್ನು ಬರೆದಿರುವುದಿಲ್ಲ" ಎಂದೆ.
ಗೀರುಗಳ ಮಾತು ಎತ್ತಲಿಲ್ಲ.

"ಅವನು ಬರೆದ ಎ ಅಕ್ಷರಕ್ಕೆ ಅಡ್ಡಗೆರೆ ಇದೆಯೇ?"
"ಇಲ್ಲ."
ಆ ಕಡೆ ಬಹಳ ಹೊತ್ತು ಕೆಟಲ್ ಒಂದೇ ಕೂಗುತ್ತಿತ್ತು.
ಅವಳು ಅದನ್ನು ಇಳಿಸಲು ಏಳಲಿಲ್ಲ.

ನಲವತ್ತನೆಯ ದಿನ ಠಾಣೆಗೆ ಹೋಗಿ ಕೇಳಿದೆ:
ಕುಲುಮೆಗೆ ಬೇಕಾದದ್ದು ಕಬ್ಬಿಣ ತಾನೆ, ಮರ ಏಕೆ?
ಹುಡುಗ ಅತ್ತಿತ್ತ ನೋಡಿ ತಾನೇ ತಿರುಪು ಬಿಚ್ಚಿದ.
ಎರಡನ್ನೂ ಅಂಗೈಯಲ್ಲಿ ಹಿಡಿದು ಚಾಚಿದ.
ಬಲದ್ದನ್ನು ತೆಗೆದುಕೊಂಡೆ.

ಅಂಚೆಯ ಕೌಂಟರಿನಲ್ಲಿ ಹೊಸ ಹುಡುಗಿ. ಅವಳಿಗೆ ನಾನು ಗೊತ್ತಿಲ್ಲ.
"ನಲವತ್ತೇ ಗ್ರಾಂ" ಎಂದಳು, "ಸಾದಾ ಅಂಚೆ ಸಾಕು."
ರಿಜಿಸ್ಟರ್ ಮಾಡಿಸಿದೆ.